ಬಣ್ಣ ಬಿಡೋ ಸೀರೆ, ಕೊನೇ ಟ್ರಾಮು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಮದರಾಸಿನ ಪುರಸೈವಾಕ್ಕಂನ ಗೋದಾಬಾಯಿ. ಹೇಳಿದ್ದು ೧೯೬೬ರ ಶ್ರಾವಣದ ಒಂದು ಶುಕ್ರವಾರ ಮಧ್ಯಾಹ್ನ, ಅವರ ಮನೆಯ ನಡುಮನೆಯಲ್ಲಿ. ಬೀದಿಯ ನಾಲ್ಕೈದು ಮಂದಿ ಹೆಂಗಸರು ಸಂಜೆಯ ಪೂಜೆಗೆಂದು ಮಲ್ಲಿಗೆ ಕಟ್ಟುತ್ತ ಕೂತಿದ್ದರು. ನಾನು ಹೋದದ್ದು ಚೌಕಾಬಾರ ಆಡುವಾಗ ಹೇಳುವ ಹಾಡುಗಳನ್ನು ಕೇಳಿ ಬರೆದುಕೊಳ್ಳಲು. "ಹಾಡು ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಈ ಅನ್ಯಾಯ ಬರ್ಕೊಳ್ಳಿ" ಎಂದು ಗೋದಾಬಾಯಿ ಶುರುಮಾಡಿದರು. ಮರುವರ್ಷ ಇದೇ ಸಂಗತಿಯನ್ನು ವಡಪಳನಿಯಲ್ಲಿ ಊರ್ಮಿಳಾ ಎಂಬವರಿಂದಲೂ ಕೇಳಿದೆ. ಒಂದು ಕಡೆ ಬಿಟ್ಟರೆ ಇಬ್ಬರ ಹೇಳಿಕೆಯೂ ಒಂದೇ. ಆ ಒಂದು ಕಡೆ ಬಂದಾಗ ತಿಳಿಸುತ್ತೇನೆ.

ಗೋದಾಬಾಯಿಯವರ ಮನೆಗೆ ಎದುರುಸಾಲಿನಲ್ಲಿ ವಿಷ್ಣುತೀರ್ಥರಾಯರ ಮನೆ. ರಾಯರು ಸರ್ಕಾರದ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾದವರು; ಅಜ್ಜನ ಕಾಲದಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವ ಮನೆತನ. ಅವರ ಅಕ್ಕ ಭೀಮಾಬಾಯಿ ಅದೇ ಸಾಲಿನಲ್ಲಿ ಎರಡು ಮನೆ ಆಚೆ ಇದ್ದರು. ಬೀದಿಯಲ್ಲಿ ಸೀಮಂತವಿರಲಿ, ಮದುವೆಯ ಮಾರನೆಯ ದಿನವಿರಲಿ, ಚೌಕಾಬಾರದ ಮನೆ ಬರೆಯುವುದೆಂದರೆ ಭೀಮಾಬಾಯಿಯನ್ನು ಕರೆಯಬೇಕು. ಆಟದಲ್ಲಿ ಜಗಳ ಬಂದರೆ ಅವರು ಹೇಳಿದ್ದೇ ತೀರ್ಪು. ಬೀದಿಯ ಕವಡೆಗಳು ಇರುತ್ತಿದ್ದದ್ದೂ ಅವರ ಹತ್ತಿರವೇ, ಒಂದು ಕೆಂಪು ಪಟ್ಟೆಯ ಚೀಲದಲ್ಲಿ.

ಚೌಕಾಬಾರವನ್ನು ಎಲ್ಲರೂ ಬಲ್ಲರು. ನೆಲದ ಮೇಲೆ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಹುಣಸೆಬೀಜವೋ ಬಳೆಚೂರೋ. ಗೀಟಿನ ಮೇಲೆ ಗೀಟು ಎಳೆದ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಹೊರಸುತ್ತಿನಿಂದ ಒಳಸುತ್ತಿಗೆ ಹೋಗುವಂತಿಲ್ಲ. ನಡುವಿನ ಮನೆ ಸೇರಿದ ಕಾಯಿ ಹಣ್ಣು. ಇಷ್ಟು ಎಲ್ಲ ಕಡೆಗೂ ಸಮಾನ. ಈ ಬೀದಿಯಲ್ಲಿ ಜೋಡಿ ಕಟ್ಟಿ ಆಡುವ ರೂಢಿ ಹೆಚ್ಚು. ಎದುರುಬದುರು ಕೂತ ಇಬ್ಬರು ಒಂದು ಕಡೆ. ಜೊತೆಯವರಿಗೆ ಸಲಹೆ ಹೇಳಬಹುದು, ಆದರೆ ಗಟ್ಟಿಯಾಗಿ, ನಾಲ್ಕೂ ಜನರಿಗೆ ಕೇಳುವಂತೆ. ಕಣ್ಸನ್ನೆ ಕೈಸನ್ನೆ ಕೂಡದು.

ಗಟ್ಟಿಯಾಗಿ ಹೇಳಬೇಕಾದ್ದರಿಂದಲೇ ಇಲ್ಲಿ ಮಾತು ಬೆಳೆಯಿತು, ಬೆಳೆದು ಮೊಟಕಾಯಿತು. ಗೀಟಿನ ಮನೆಯಲ್ಲಿರುವ ಕಾಯಿ 'ಮಡಿ'. ಒಂದನ್ನೂ ಕಡಿಯದೆ ಒಳಸುತ್ತಿನ ಬಾಗಿಲಲ್ಲಿ ನಿಂತದ್ದು 'ಹೊಸಿಲ ಸೊಸೆ'. ಗರ ಬಿದ್ದರೂ ನಡೆಸಲು ಕಾಯಿಲ್ಲದೆ ಸರದಿ ಬಿಟ್ಟರೆ 'ಏಕಾದಶಿ'. ಅದರ ಬೆನ್ನಿಗೆ ಒಳ್ಳೆಯ ಗರ ಬಿದ್ದರೆ 'ಪಾರಣೆ'. ಈ ಸಲ ಸರಿಯದಿದ್ದರೆ ಮುಂದಿನ ಗರಕ್ಕೆ ಸಾಯುವುದು ಖಂಡಿತ ಎನ್ನುವ ಕಾಯಿಗೆ 'ಕೊನೇ ಟ್ರಾಮು'. ಎಲ್ಲಕ್ಕಿಂತ ಹೆಚ್ಚು ಬಳಕೆಯದು 'ಬಣ್ಣ ಬಿಡೋ ಸೀರೆ': ಕಡಿಯಲು ಕೈಗೆ ಸಿಕ್ಕಿದ ಕಾಯಿ, ನೋಡಲು ಚೆಂದ, ಆದರೆ ಕಡಿದರೆ ನಮ್ಮ ಕಾಯಿ ಬಯಲಿಗೆ ಬಂದು ಹಿಂದಿನವರ ಬಾಯಿಗೆ ಬೀಳುತ್ತದೆ. ಪುರಸೈವಾಕ್ಕಂನ ಅಂಗಡಿಬೀದಿಯಲ್ಲಿ ಸೀರೆ ಕೊಂಡ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತುಗಳಲ್ಲಿ ಅರ್ಧ ಭೀಮಾಬಾಯಿಯವರು ಕಟ್ಟಿದ್ದು, ಉಳಿದರ್ಧ ಅವರ ತಾಯಿಯ ಕಾಲದ್ದು.

ಆಟದ ಕೊನೆಗೆ ಇನ್ನೊಂದು ರೂಢಿ ಇತ್ತು. ಸೋತವರಾಗಲಿ, ತಪ್ಪು ಮಾಡಿ ಸಿಕ್ಕಿಬಿದ್ದವರಾಗಲಿ, ನಾಲ್ಕು ಕವಡೆಗಳನ್ನೂ ನೆಲದಿಂದ ಆರಿಸಿ ಎದುರಿನವರ ಅಂಗೈಯಲ್ಲಿ ಇಡಬೇಕು. ಇದಕ್ಕೆ ಕವಡೆ ಒಪ್ಪಿಸುವುದು ಎಂದು ಹೆಸರು. ಮಾತು ಬೇಕಿಲ್ಲ, ಕ್ಷಮೆ ಬೇಕಿಲ್ಲ. ಕವಡೆ ಕೈಗೆ ಬಂತೆಂದರೆ ಜಗಳ ಮುಗಿಯಿತು.

೧೯೫೮ರ ದೀಪಾವಳಿಗೆ ರಾಯರ ಮನೆಗೆ ಹೊಸ ಅಳಿಯ ಬಂದರು. ಮಗಳು ಜಯಲಕ್ಷ್ಮಿಯನ್ನು ಆ ವರ್ಷ ವೈಶಾಖದಲ್ಲಿ ಮೈಸೂರಿನ ಕಮಲಾಕರನಿಗೆ ಕೊಟ್ಟಿದ್ದರು. ಹುಡುಗ ಅಲ್ಲಿ ಒಬ್ಬ ದೊಡ್ಡ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಿರಿಯ ವಕೀಲ. ಮದುವೆಯಾದ ಮೇಲಿನ ಮೊದಲ ದೀಪಾವಳಿಯನ್ನು ಮದರಾಸಿನವರು ತಲೆದೀಪಾವಳಿ ಎನ್ನುತ್ತಾರೆ. ಆ ಹಬ್ಬದಲ್ಲಿ ಅಳಿಯನೇ ದೇವರು. ಎಣ್ಣೆನೀರು, ಜರಿಪಂಚೆ, ಆರತಿ. ಅವನ ಮನಸ್ಸು ನೋಯುವ ಒಂದು ಮಾತು ಮನೆಯಲ್ಲಿ ಆಡುವಂತಿಲ್ಲ.

"ಆಡುವ ಹಾಗಿಲ್ಲ ಅಂತ ಯಾರಿಗೆ ಕಟ್ಟು? ನಮಗೆ. ಅವನಿಗೇನಾದರೂ ಕಟ್ಟು ಇತ್ತಾ?" ಎಂದರು ಗೋದಾಬಾಯಿ. ಹೂ ಕಟ್ಟುವ ಬಾಳೆನಾರು ಅವರ ಕೈಯಲ್ಲಿ ಪಟ್ಟನೆ ಹರಿಯಿತು.

ಬಲಿಪಾಡ್ಯಮಿಯ ಮಧ್ಯಾಹ್ನ ಜೂಜಿನ ಶಾಸ್ತ್ರಕ್ಕೆ ಎಲ್ಲ ಮನೆಗಳಲ್ಲೂ ಆಟ ನಡೆಯುತ್ತದೆ. ಪಾಡ್ಯದ ದಿನ ಬಂದ ಹೆಸರು ವರ್ಷವೆಲ್ಲ ನಿಲ್ಲುತ್ತದೆ ಎಂಬುದು ಆ ಬೀದಿಯ ನಂಬಿಕೆ. ಗೆದ್ದವಳು ಗೆದ್ದವಳಾಗಿಯೇ, ಅತ್ತವಳು ಅತ್ತವಳಾಗಿಯೇ ಮುಂದಿನ ಪಾಡ್ಯದವರೆಗೆ. ಊಟವಾದ ಮೇಲೆ ನಡುಮನೆಯಲ್ಲಿ ಸುಣ್ಣದ ಕಡ್ಡಿಯಿಂದ ಮನೆ ಬರೆದರು. ಒಂದು ಕಡೆ ಕಮಲಾಕರ ಮತ್ತು ಜಯಲಕ್ಷ್ಮಿ. ಇನ್ನೊಂದು ಕಡೆ ಭೀಮಾಬಾಯಿ ಮತ್ತು ಪಕ್ಕದ ಮನೆಯ ಊರ್ಮಿಳಾ. ಊರ್ಮಿಳಾ ಮೌಂಟ್ ರೋಡಿನ ಒಂದು ಕಂಪನಿಯಲ್ಲಿ ಸ್ಟೆನೋ ಆಗಿದ್ದ ಹುಡುಗಿ. ಗೋದಾಬಾಯಿ ಕಂಬಕ್ಕೆ ಒರಗಿ ನೋಡುತ್ತ ಕೂತಿದ್ದರು.

ಆಟ ಶುರುವಾಗುವ ಮೊದಲೇ ಕಮಲಾಕರ ಹೇಳಿದ: "ನಮ್ಮ ಕಡೆ ಈ ಆಟ ತಲೆಯಿಂದ ಆಡ್ತೀವಿ, ಮಾವ. ಇಲ್ಲಿ ಬಾಯಿಂದ ಆಡೋ ಹಾಗೆ ಕಾಣುತ್ತೆ."

"ಬಾಯಿರೋದೂ ತಲೇಲೇ ಅಲ್ಲವೇ ಅಳಿಯಂದಿರೇ?" ಎಂದರು ಭೀಮಾಬಾಯಿ. ಎಲ್ಲರೂ ನಕ್ಕರು. ಕಮಲಾಕರನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಆಟ ಸಾಗಿತು. "ಊರ್ಮಿಳಾ, ಕೊನೇ ಟ್ರಾಮು" ಎಂದರು ಭೀಮಾಬಾಯಿ. ಊರ್ಮಿಳಾ ಯೋಚಿಸದೆ ಸರಿಯಾದ ಕಾಯನ್ನೇ ಸರಿಸಿದಳು. ಕಮಲಾಕರ ತಲೆಯೆತ್ತಿದ.

"ಮದರಾಸಲ್ಲಿ ಟ್ರಾಮು ನಿಂತು ಐದು ವರ್ಷ ಆಯಿತಲ್ಲ?"

"ಬೀದೀಲಿ ನಿಂತಿದೆ. ನಮ್ಮಲ್ಲಿ ಓಡ್ತಿದೆ" ಎಂದಳು ಊರ್ಮಿಳಾ.

ಆಮೇಲೆ ಅವನಿಗೆ ಎರಡು ಬಿತ್ತು. ಅವನ ಕಾಯಿ ಮಡಿಯಲ್ಲಿತ್ತು. ಎರಡು ಮನೆ ಮುಂದೆ ಊರ್ಮಿಳಾಳ ಹುಣಸೆಬೀಜ ಒಂಟಿಯಾಗಿ ಕೂತಿತ್ತು. ಒಳಸುತ್ತಿನ ಹಾದಿ ಅವನಿಗೆ ಆಗಲೇ ತೆರೆದಿದ್ದರಿಂದ ಆ ಕಡಿತ ಅವನಿಗೆ ಬೇಕಿರಲಿಲ್ಲ. ಅವನ ಬೆನ್ನಿಗೇ ಭೀಮಾಬಾಯಿಯ ಕಾಯಿ ಹೊಂಚಿತ್ತು.

"ಬೇಡಾರೀ, ಅದು ಬಣ್ಣ ಬಿಡೋ ಸೀರೆ" ಎಂದಳು ಜಯಲಕ್ಷ್ಮಿ.

"ಜಯಾ, ಈ ಅಡುಗೆಮನೆ ಮಾತು ನನ್ನ ಹತ್ತಿರ ಬೇಡ. ಹೇಳೋದಿದ್ರೆ ಬಿಡಿಸಿ, ಕ್ರಮವಾಗಿ ಹೇಳು."

ಅವಳು ಬಿಡಿಸಿ ಹೇಳಲು ಹೊರಟಳು. "ಅದೇನೂಂದ್ರೆ, ಈಗ ನಿಮ್ಮ ಕಾಯಿ ಗೀಟಿನ ಮನೇಲಿರೋದರಿಂದ ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಆದರೆ ನೀವು ಆ ಬೀಜ ಕಡಿಯೋಕೆ ಅಲ್ಲಿಂದ ಎದ್ದರೆ, ಹಿಂದುಗಡೆ ಅತ್ತೆಯವರ—"

ಅಷ್ಟರಲ್ಲಿ ಅವನು ಕಡಿದಾಗಿತ್ತು. ಕಡಿದದ್ದಕ್ಕೆ ಸಿಕ್ಕ ಹೆಚ್ಚಿನ ಗರದಲ್ಲಿ ಒಂದೇ ಬಿತ್ತು. ಕಾಯಿ ಒಂದು ಮನೆ ಸರಿದು ಬಯಲಲ್ಲೇ ಉಳಿಯಿತು. ಭೀಮಾಬಾಯಿ ಕವಡೆ ಹಾಕಿದರು. ಚೌಕ, ನಾಲ್ಕು. ಲೆಕ್ಕಕ್ಕೆ ಸರಿಯಾಗಿ ಹೋಗಿ ಅವನನ್ನು ಕಡಿದರು. ಅಲ್ಲಿಂದ ಆಟ ತಿರುಗಿತು. ದೀಪ ಹಚ್ಚಲು ಇನ್ನೂ ಹೊತ್ತಿರುವಾಗಲೇ ಭೀಮಾಬಾಯಿಯ ಕಡೆಯ ಕಾಯಿಗಳೆಲ್ಲ ಹಣ್ಣಾದವು.

ಭೀಮಾಬಾಯಿ ರೂಢಿಯಂತೆ ಅಂಗೈ ಚಾಚಿದರು. ಕಮಲಾಕರ ಕವಡೆಗಳನ್ನು ಮುಟ್ಟಲಿಲ್ಲ. ಎದ್ದು ನಿಂತ.

"ಇದು ಆಟವಲ್ಲ. ಇವರಿಬ್ಬರೂ ಗುಟ್ಟಿನ ಭಾಷೆ ಇಟ್ಟುಕೊಂಡಿದ್ದಾರೆ. ಟ್ರಾಮು ಅಂತೆ, ಸೀರೆ ಅಂತೆ, ಏಕಾದಶಿ ಅಂತೆ. ಒಂದು ಪದ ಹೇಳಿದ ಕೂಡಲೇ ಅವಳು ಕಾಯಿ ನಡೆಸ್ತಾಳೆ. ಕಳ್ಳರು ಸಂತೇಲಿ ಹೀಗೇ ಮಾತಾಡ್ಕೊಳ್ಳೋದು. ಮೋಸದ ಆಟಕ್ಕೆ ನಾನು ಕವಡೆ ಒಪ್ಪಿಸೋಲ್ಲ."

ಪಾಡ್ಯದ ದಿನ, ಬೀದಿಯ ತೀರ್ಪು ಹೇಳುವ ಹೆಂಗಸಿಗೆ, ಕಳ್ಳಿ ಎಂಬ ಮಾತು.

"ನೆನಸಿಕೊಂಡ್ರೆ ಈಗಲೂ ನನಗೆ ಮೈ ಉರಿಯುತ್ತೆ" ಎಂದರು ಗೋದಾಬಾಯಿ. "ಗುಟ್ಟಂತೆ! ಅವನ ಪಕ್ಕದಲ್ಲೇ ಅವನ ಹೆಂಡತಿ ಕೂತಿದ್ದಳು. ಅವಳು ಹಲ್ಲು ಬರೋ ಮುಂಚೆ ಕಲಿತ ಮಾತು ಅವು. ಗುಟ್ಟಾಗಿದ್ದರೆ ಅವನಿಗೇ ಯಾಕೆ ಹೇಳ್ತಾಳೆ? ಬಾಯಿ ಮುಚ್ಚಿಸಿದವನು ತಾನು, ಕೇಳಿಸಲಿಲ್ಲ ಅನ್ನೋನೂ ತಾನು."

ಕಮಲಾಕರ ಅಷ್ಟಕ್ಕೇ ನಿಲ್ಲಲಿಲ್ಲ. ಭೀಮಾಬಾಯಿ ತಪ್ಪಾಯಿತು ಎನ್ನಬೇಕು; ಇಲ್ಲವಾದರೆ ತಾನು ಆರತಿಗೆ ಕೂರುವುದಿಲ್ಲ, ರಿಕ್ಷಾ ಕರೆಸಿ ಬೆಂಗಳೂರು ಮೇಲ್‌ಗೆ ಹೋಗುತ್ತೇನೆ ಎಂದ. ಜಯಲಕ್ಷ್ಮಿಯನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಲಿಲ್ಲ, ಬಿಟ್ಟುಹೋಗುತ್ತೇನೆಂದೂ ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ಹೆಚ್ಚಾಯಿತು. ಜಯಲಕ್ಷ್ಮಿಯ ತಾಯಿ ವೆಂಕಟಲಕ್ಷ್ಮಿ ಅಡುಗೆಮನೆಯಿಂದ ಸೆರಗಿಗೆ ಕೈ ಒರಸುತ್ತ ಓಡಿಬಂದರು.

"ಅತ್ತಿಗೆ, ಚುಮ್ಮಾ, ಬಾಯಿಮಾತಿಗೆ ಒಂದು ಮಾತು. ತಪ್ಪಾಯಿತು ಅಂದುಬಿಡಿ. ನಿಮಗೇನು ಕಿರೀಟ ಬಿದ್ದುಹೋಗುತ್ತಾ? ಮಾಪಿಳ್ಳೆ ತಲೆದೀಪಾವಳಿ ಬಿಟ್ಟು ಎದ್ದುಹೋದರೆ ನಾಳೆ ಬೀದೀಲಿ ನಾನು ಹೇಗೆ ತಲೆಯೆತ್ತಲಿ?"

"ನೀನು ತಲೆಯೆತ್ತೋದಕ್ಕೆ ನಾನು ತಗ್ಗಿಸಲಾ? ಮೋಸ ಮಾಡಿದೆ ಅಂತ ಇವತ್ತು ನಾನೇ ನನ್ನ ಬಾಯಲ್ಲಿ ಒಪ್ಪಿಕೊಂಡರೆ, ನಾಳೆಯಿಂದ ಯಾರ ಮನೆಯಲ್ಲಿ ಮನೆ ಬರೀಲಿ? ಯಾರ ಜಗಳಕ್ಕೆ ನ್ಯಾಯ ಹೇಳಲಿ?"

"ಅಕ್ಕ, ಸ್ವಲ್ಪ ಹೊಂದಿಕೊಂಡು ಹೋಗಬೇಕು" ಎಂದರು ವಿಷ್ಣುತೀರ್ಥರಾಯರು. "ಅವರು ಹುಡುಗರು."

"ಹುಡುಗ ಅಲ್ಲ, ವಕೀಲ." ಭೀಮಾಬಾಯಿ ಅಳಿಯನ ಕಡೆ ತಿರುಗಿದರು. "ಕೇಳಿ ಅಳಿಯಂದಿರೇ. ನೀವು ಕೋರ್ಟಲ್ಲಿ ನಿಂತು ಎಕ್ಸ್‌ಪಾರ್ಟಿ ಅಂತೀರಿ. ಒಬ್ಬನು ಬರಲಿಲ್ಲ, ಅವನಿಲ್ಲದೇನೇ ವಿಚಾರಣೆ ನಡೆಸಿ ಸ್ವಾಮಿ ಅಂತ ಉದ್ದಕ್ಕೆ ರಾಗ ಎಳೀತೀರಾ? ಇಲ್ಲ. ಒಂದೇ ಪದ, ಜಡ್ಜಿಗೂ ಗೊತ್ತು, ಎದುರು ವಕೀಲನಿಗೂ ಗೊತ್ತು. ಮೂಲೇಲಿ ಕೂತ ಕಕ್ಷಿಗಾರನಿಗೆ ಮಾತ್ರ ಗೊತ್ತಿಲ್ಲ. ಅವನು ಎದ್ದು ನಿಮ್ಮನ್ನ ಕಳ್ಳ ಅಂದನಾ? ನೀವು ಎಕ್ಸ್‌ಪಾರ್ಟಿ ಅಂದ್ರೆ ಕಾನೂನು, ನಾನು ಏಕಾದಶಿ ಅಂದ್ರೆ ಕಳ್ಳತನವೋ?"

"ನಾನು ಆಫೀಸಲ್ಲಿ ಶಾರ್ಟ್‌ಹ್ಯಾಂಡಿನ ಒಂದು ಕೊಕ್ಕೆ ಗೀಚಿದರೆ ದೊರೆಯ ಅರ್ಧ ವಾಕ್ಯ" ಎಂದಳು ಊರ್ಮಿಳಾ. "ಅದಕ್ಕೆ ಸಂಬಳ ಕೊಡ್ತಾರೆ, ಪೊಲೀಸಿಗೆ ಹಿಡಿದುಕೊಡೋದಿಲ್ಲ."

"ನೀನು ಸುಮ್ಮನಿರಮ್ಮ" ಎಂದರು ವೆಂಕಟಲಕ್ಷ್ಮಿ. ಆ ಮನೆಯಲ್ಲಿ ಸುಮ್ಮನಿರು ಎಂಬ ಮಾತು ಆ ಮಧ್ಯಾಹ್ನ ಅಳಿಯನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಸಂದಿತು.

ಕಮಲಾಕರ ಹೇಳಿದ: "ಕೋರ್ಟಿನ ಪದಗಳು ಪುಸ್ತಕದಲ್ಲಿವೆ. ಯಾರು ಬೇಕಾದರೂ ಓದಿ ಕಲೀಬಹುದು. ನಿಮ್ಮದು ಎಲ್ಲಿದೆ?"

"ಇಲ್ಲಿದೆ" ಎಂದು ಭೀಮಾಬಾಯಿ ಸುಣ್ಣದ ಗೀಟು ತೋರಿಸಿದರು. "ಕೂತು ಆಡಿದರೆ ಯಾರು ಬೇಕಾದರೂ ಕಲೀಬಹುದು. ಆಟ ಶುರುವಾದಾಗಿಂದ ಒಂದು ಸಲ ಏನು ಹಾಗಂದ್ರೆ ಅಂತ ಕೇಳಿದ್ರಾ? ಕೇಳಿದ್ದರೆ ಹೇಳ್ತಿದ್ದೆ."

ಕೊನೆಗೆ ರಾಯರು ಒಂದು ಹಾದಿ ಹುಡುಕಿದರು. ಇನ್ನೊಂದು ಆಟ ಆಗಲಿ. ಈ ಸಲ ಮನೆಯ ಮಾತು ಒಂದೂ ಇರಕೂಡದು. ಸಲಹೆ ಹೇಳುವವರು ಬಿಡಿಸಿ ಹೇಳಬೇಕು. ಯಾರ ಬಾಯಿಂದ ಮೊದಲು ಅಂಥ ಮಾತು ಬರುತ್ತದೋ ಅವರು ಆಟ ಸೋತಂತೆ. ಅವರು ಎದುರಿನವರಿಗೆ ಕವಡೆ ಒಪ್ಪಿಸಬೇಕು, ಅಲ್ಲಿಗೆ ಎರಡು ಕಡೆಯ ಮಾತೂ ಮುಗಿಯಬೇಕು. ಕಮಲಾಕರನಿಗೆ ಇದು ತನ್ನ ಗೆಲುವೆಂದೇ ತೋರಿತು. ಆ ಮಾತುಗಳು ಅವನ ಬಾಯಿಗೆ ಬರುವುದೆಲ್ಲಿಂದ? ಒಪ್ಪಿದ. ಭೀಮಾಬಾಯಿ ಕೂಡಲೇ ಒಪ್ಪಲಿಲ್ಲ. "ನಾನು ಒಪ್ಪಿಸಬೇಕಾಗಿ ಬಂದರೆ ಒಪ್ಪಿಸ್ತೀನಿ. ಅವರಿಗೆ ಬಂದರೆ?" ಎಂದು ತಮ್ಮನನ್ನು ಕೇಳಿದರು. "ಅವರೂ ಒಪ್ಪಿಸ್ತಾರೆ" ಎಂದರು ರಾಯರು. "ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದು ಭೀಮಾಬಾಯಿ ಕೂತರು.

ಗೋದಾಬಾಯಿ ಹೇಳುವ ಪ್ರಕಾರ ಅಂಥ ಆಟವನ್ನು ಅವರು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಮಡಿ ಬಿಡಬೇಡ ಎಂದು ಎರಡು ಪದದಲ್ಲಿ ಮುಗಿಯುವುದನ್ನು ಭೀಮಾಬಾಯಿ ಹೀಗೆ ಹೇಳಿದರು:

"ಊರ್ಮಿಳಾ, ಯಾವ ಮನೆಯಲ್ಲಿ ಗೀಟಿನ ಮೇಲೆ ಗೀಟು ಎಳೆದಿರುವುದರಿಂದ ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯಲಾರರೋ, ಆ ಮನೆಯಲ್ಲಿ ಸದ್ಯಕ್ಕೆ ಕೂತಿರುವ ನಿನ್ನ ಕಾಯಿಯನ್ನು, ಬಾಗಿಲ ಕಡೆಯದಲ್ಲ, ತುಳಸಿಕಟ್ಟೆ ಕಡೆಯದು, ಅದನ್ನು ಈ ಸಲ ಅಲ್ಲಿಂದ ಎಬ್ಬಿಸದೆ ಇರುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು."

"ಯಾವುದು ಅಂದ್ರಿ? ಮೊದಲಿಂದ ಹೇಳಿ" ಎಂದಳು ಊರ್ಮಿಳಾ, ಮುಖ ಗಂಟಿಕ್ಕಿಕೊಂಡು.

ಅವರು ಮೊದಲಿಂದ ಹೇಳಿದರು. ನಗು ತಡೆಯಲಾರದೆ ಗೋದಾಬಾಯಿ ಕಂಬದ ಕಡೆ ಮುಖ ತಿರುಗಿಸಿಕೊಂಡರು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಇದಕ್ಕಾ ಅದಕ್ಕಾ, ನೀವು ಹೇಳಿದ್ದು ಆ ಕಾಯಾ ಈ ಕಾಯಾ ಎಂದು ಪ್ರತಿ ಗರಕ್ಕೂ ತಕರಾರು ಬಂತು. ನಡೆದ ನಡೆಯನ್ನು ಹಿಂದೆ ತೆಗೆದರು, ಮತ್ತೆ ಇಟ್ಟರು. ಒಂದು ಸಲ ಕಮಲಾಕರನಿಗೆ ಗರ ಬಿದ್ದು ನಡೆಸಲು ಕಾಯಿರಲಿಲ್ಲ. ತನಗೆ ಏನಾಗಿದೆ ಎಂದು ಹೇಳಲು ಅವನು ಮೂರು ವಾಕ್ಯ ಶುರುಮಾಡಿ ಮೂರನ್ನೂ ಅರ್ಧಕ್ಕೆ ಬಿಟ್ಟ. ಪದ ಯಾವುದೆಂದು ಕೂತವರಿಗೆಲ್ಲ ಗೊತ್ತಿತ್ತು. ಅಷ್ಟು ಹೊತ್ತಿಗೆ ಅವನಿಗೂ ಗೊತ್ತಿತ್ತು.

ವೆಂಕಟಲಕ್ಷ್ಮಿ ಆರತಿತಟ್ಟೆಗೆ ಕುಂಕುಮದ ನೀರು ಕಲಸಿಟ್ಟು ಬಾಗಿಲಲ್ಲಿ ನಿಂತಿದ್ದರು. ಕಮಲಾಕರನ ಕಡೆ ಗೆಲ್ಲುವ ಹಾಗೆ ಕಾಣುತ್ತಿತ್ತು. ಜಯಲಕ್ಷ್ಮಿಗೆ ಮೂರು ಬಿತ್ತು. ಅವಳ ಬಳೆಚೂರು ಮಡಿಯಲ್ಲಿತ್ತು. ಮೂರು ಮನೆ ಮುಂದೆ ಭೀಮಾಬಾಯಿಯ ಕಾಯಿ ಒಂಟಿಯಾಗಿತ್ತು. ಹಿಂದೆ ಊರ್ಮಿಳಾಳ ಹುಣಸೆಬೀಜ, ಮುಂದಿನ ಸರದಿಯೂ ಅವಳದೇ. ಜಯಲಕ್ಷ್ಮಿ ಬಳೆಚೂರಿನ ಕಡೆ ಕೈ ಚಾಚಿದಳು.

"ಜಯಾ, ನಿಲ್ಲು" ಎಂದ ಕಮಲಾಕರ. "ಆ ಕಾಯಿಯನ್ನು ನೀನು ಈಗ ಅದು ಇರುವ ಸ್ಥಾನದಿಂದ—"

ಕೈ ಕೆಳಗಿಳಿಯುತ್ತಿತ್ತು.

"—ಮುಂದಿನ, ಅಂದರೆ ಎದುರಾಳಿಯ— ಜಯಾ! ಸೀರೆ! ಬಣ್ಣ ಬಿಡೋ ಸೀರೆ ಕಣೇ ಅದು!"

ಕೈ ನಿಂತಿತು. ಬೆರಳು ಬಳೆಚೂರನ್ನು ಇನ್ನೂ ಮುಟ್ಟಿರಲಿಲ್ಲ.

ಇಲ್ಲಿ ಕೇಳುಗರಲ್ಲಿ ಕಿರಿಯಳಾದ ಗುಣವತಿ ಹೂ ಕಟ್ಟುವುದನ್ನು ನಿಲ್ಲಿಸಿದಳು. "ಬೇಕೂಂತಲೇ ಕೈ ಚಾಚಿದಳಾ ಮಾಮಿ?"

"ಅವಳ ಮನಸ್ಸೊಳಗೆ ನಾನು ಹೊಕ್ಕು ನೋಡಿದ್ನಾ? ಐದು ವರ್ಷದವಳಿದ್ದಾಗಿಂದ ಆಡಿದವಳು ಅಂಥ ಕಾಯಿಗೆ ಕೈ ಹಾಕ್ತಾಳಾ, ನೀನೇ ಹೇಳು" ಎಂದರು ಗೋದಾಬಾಯಿ.

ಅತ್ತ ರಾಯರ ನಡುಮನೆಯಲ್ಲಿ ಭೀಮಾಬಾಯಿ ಅಂಗೈ ಚಾಚಿ ಕೂತರು. ಅದೇ ಕೈ, ಮಧ್ಯಾಹ್ನ ಚಾಚಿದ್ದು. ಕಮಲಾಕರ ಕವಡೆಗಳನ್ನು ನೋಡಿದ, ಮಾವನನ್ನು ನೋಡಿದ. ಮಾವ ಪಂಚಾಂಗ ನೋಡುವವರ ಹಾಗೆ ಗೋಡೆ ನೋಡಿದರು.

"ಬಾಯಿತಪ್ಪಿ ಬಂದಿದ್ದಲ್ಲವಾ, ಅದಕ್ಕೇನಂತೆ" ಎಂದರು ವೆಂಕಟಲಕ್ಷ್ಮಿ. "ಅತ್ತಿಗೆ, ಸಾಕು, ಕೈ ತೆಗೀರಿ. ಮಾಪಿಳ್ಳೆ, ನೀವು ಏಳಿ, ಆರತಿಗೆ ಹೊತ್ತಾಯಿತು."

"ನೋಡಿದ್ರಾ ನ್ಯಾಯ!" ಗೋದಾಬಾಯಿ ನೆಲಕ್ಕೆ ಅಂಗೈ ಬಡಿದರು. "ಇವಳು ಒಂದು ಮಾತು ಆಡಿದರೆ ಮೋಸ. ಅವನು ಅದೇ ಮಾತು ಆಡಿದರೆ ಬಾಯಿತಪ್ಪು. ಇವಳ ತಲೆ ತಗ್ಗಿಸೋದಕ್ಕೆ ಇಡೀ ಮನೆ ನಿಂತಿತ್ತು, ಅವನ ಕೈ ಚಾಚಿಸೋದಕ್ಕೆ ಒಬ್ಬರಾದರೂ ಬೇಡವಾ?"

ಒಬ್ಬಳಿದ್ದಳು. ಜಯಲಕ್ಷ್ಮಿ ಎದ್ದುನಿಂತು ತಾಯಿಯ ಕೈಯಿಂದ ಆರತಿತಟ್ಟೆ ತೆಗೆದುಕೊಂಡು ಕಿಟಕಿಯ ಮೇಲೆ ಇಟ್ಟಳು. ಮತ್ತೆ ಬಂದು ತನ್ನ ಜಾಗದಲ್ಲಿ ಕೂತಳು.

"ಆಟ ಮುಗಿದಿಲ್ಲ, ಅಮ್ಮ. ಅತ್ತೆ ಕೈ ಚಾಚಿದ್ದಾರೆ." ಗಂಡನ ಕಡೆ ತಿರುಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಿಮ್ಮ ಜೊತೆ ಆಡಿದವಳು ನಾನು. ಆ ಮಾತುಗಳು ನನಗೂ ಗೊತ್ತು. ಅವು ಕಳ್ಳರ ಮಾತಾದರೆ ನಾನೂ ಕಳ್ಳಿ. ಇವತ್ತು ಪಾಡ್ಯ. ನೀವು ಕಳ್ಳೀನ ಕರ್ಕೊಂಡು ಮೈಸೂರಿಗೆ ಹೋಗ್ತೀರೋ, ಕವಡೆ ಒಪ್ಪಿಸಿ ನನ್ನ ಕರ್ಕೊಂಡು ಹೋಗ್ತೀರೋ, ನೋಡಿ."

ಎರಡು ಹೇಳಿಕೆಗಳು ಬೇರೆಯಾಗುವುದು ಇಲ್ಲಿ. ಊರ್ಮಿಳಾ ಹೇಳುವಂತೆ ಕಮಲಾಕರ ನಗುತ್ತ, ತಮಾಷೆಯೆಂಬಂತೆ ಕವಡೆ ಒಪ್ಪಿಸಿದ. ಗೋದಾಬಾಯಿಯವರ ಪ್ರಕಾರ ನಗು ಇರಲಿಲ್ಲ. ಒಂದೊಂದಾಗಿ ಆರಿಸಿದ, ಒಂದು ಕವಡೆ ಉರುಳಿ ಕಂಬದ ಬುಡಕ್ಕೆ ಹೋಗಿತ್ತು, ಅದಕ್ಕೆ ಮೊಣಕಾಲೂರಿ ತೆವಳಬೇಕಾಯಿತು. ಜರಿಪಂಚೆಗೆ ಸುಣ್ಣ ಮೆತ್ತಿತು. ನಾಲ್ಕನ್ನೂ ಭೀಮಾಬಾಯಿಯ ಅಂಗೈಯಲ್ಲಿಟ್ಟ. ಅವರ ಮುಖ ನೋಡಲಿಲ್ಲ. ಊರ್ಮಿಳಾ ಹೇಳಿದ್ದನ್ನು ಆಮೇಲೊಮ್ಮೆ ನಾನು ಗೋದಾಬಾಯಿಯವರಿಗೆ ತಿಳಿಸಿದಾಗ ಅವರು ಕೆರಳಿದರು. "ನಕ್ಕನಂತಾ? ಕವಡೆ ಬಿದ್ದಿದ್ದು ನನ್ನ ಕಾಲ ಹತ್ತಿರ. ಅವನ ಮುಖ ನೋಡಿದವಳು ನಾನು, ಅವಳಲ್ಲ."

ಭೀಮಾಬಾಯಿ ಕವಡೆಗಳನ್ನು ಚೀಲಕ್ಕೆ ಹಾಕಿ ದಾರ ಎಳೆದರು. "ಜಯಾ, ಈಗ ಆರತಿ ತಾ" ಎಂದರು. ಅಳಿಯನಿಗೆ ಆರತಿಯಾಯಿತು. ಅದೇ ಕಾರ್ತಿಕದಲ್ಲಿ ಬೀದಿಯ ಕೊನೆಯ ಮನೆಯ ಸೀಮಂತಕ್ಕೆ ಮನೆ ಬರೆದವರೂ ಭೀಮಾಬಾಯಿಯೇ.

ಕಥೆ ಇಲ್ಲಿಗೆ ಮುಗಿಯಿತೆಂದು ಹೂವಿನ ಬುಟ್ಟಿ ಎತ್ತಲು ಹೊರಟವರನ್ನು ಗೋದಾಬಾಯಿ ಕೈಯೆತ್ತಿ ತಡೆದರು. "ಕೊಂಜ ಇರಿ. ಅನ್ಯಾಯ ಇನ್ನೂ ಹೇಳೇ ಇಲ್ಲ."

ಅದಾದ ಮೂರ್ನಾಲ್ಕು ವರ್ಷಕ್ಕೆ ಅವರು ಒಂದು ಮದುವೆಗೆಂದು ಮೈಸೂರಿಗೆ ಹೋಗಿದ್ದರು. ಬೀಗರ ಬಿಡಾರದಲ್ಲಿ ಹೆಂಗಸರು ಚೌಕಾಬಾರ ಹಾಕಿದ್ದರು. ಆಡುತ್ತಿದ್ದವಳೊಬ್ಬಳು ಜೊತೆಯವಳಿಗೆ, "ಅಯ್ಯೋ, ಕೊನೇ ಟ್ರಾಮು, ಸರಿಸೇ" ಎಂದಳು. ಗೋದಾಬಾಯಿ ಎದ್ದು ಅವರ ಪಕ್ಕಕ್ಕೇ ಹೋಗಿ ಕೂತರು.

"ಎಲ್ಲಿ ಕಲಿತಿರಮ್ಮ ಈ ಮಾತು? ಅಂತ ಕೇಳಿದೆ. ಇವು ಕಮಲಾಕರ ವಕೀಲರ ಮಾತು, ಅಂದರು. ವಕೀಲರು ತುಂಬ ಬುದ್ಧಿವಂತರಂತೆ. ಆಟಕ್ಕೆ ಒಂದು ಶಾಸ್ತ್ರವೇ ಕಟ್ಟಿದ್ದಾರಂತೆ. ಸೊಸೆಯಂತೆ, ಏಕಾದಶಿಯಂತೆ, ಒಂದೊಂದು ಸಂದರ್ಭಕ್ಕೆ ಒಂದೊಂದು ಹೆಸರು ಇಟ್ಟು, ಹೆಸರಿದ್ದರೆ ತಲೆ ಚುರುಕಾಗುತ್ತೆ ಅಂತ ಕ್ಲಬ್ಬಲ್ಲಿ ಭಾಷಣ ಮಾಡ್ತಾರಂತೆ! ಜಯಾ ಇವು ನಮ್ಮ ಸೋದರತ್ತೆ ಮಾತು ಅಂದರೆ, ಗಂಡನ ಹೆಸರು ತವರಿಗೆ ಕೊಡ್ತಾಳೆ ಅಂತ ನಗ್ತಾರಂತೆ. ನಾನು ಕೇಳಿದೆ: ಅಮ್ಮಾ ತಾಯಂದಿರಾ, ನಿಮ್ಮ ಮೈಸೂರಲ್ಲಿ ಯಾವತ್ತಾದರೂ ಟ್ರಾಮು ಓಡಿತ್ತಾ? ಓಡದ ಟ್ರಾಮಿನ ಮಾತು ಅಲ್ಲಿ ಹುಟ್ಟೋದೆಲ್ಲಿಂದ!"

"ಭೀಮಾಮಾಮಿಗೆ ಹೇಳಿದ್ರಾ?" ಎಂದು ಕೇಳಿದಳು ಗುಣವತಿ.

"ಬಂದ ದಿನವೇ ಹೇಳಿದೆ. ಹಾಲು ಕಾಯಿಸ್ತಿದ್ದಳು. 'ಏಕಾದಶೀನೂ ತಗೊಂಡನಾ?' ಅಂದಳು. ತಗೊಂಡಿದ್ದಾನೆ ಅಂದೆ. 'ಪಾರಣೆ?' ಅದೂ. 'ಹೊಸಿಲ ಸೊಸೆ?' ಅದನ್ನೂ. 'ಒಂದನ್ನೂ ಬಿಡಲಿಲ್ಲ ನೋಡು, ಪಾಪಿ' ಅಂದಳು. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಆ ಹೊತ್ತಿನವರೆಗೂ ಅವಳು ಹಾಲು ಉಕ್ಕಿಸಿದ್ದು ನಾನು ನೋಡಿರಲಿಲ್ಲ."

ಒಬ್ಬರು ಆ ವಕೀಲನನ್ನು ಬೈದರು. ಇನ್ನೊಬ್ಬರು ಮಾವನನ್ನು ಬೈದರು. ಅವನು ಆಮೇಲೆ ಈ ಕಡೆ ಬಂದನೇ, ಒಂದು ಸಲವಾದರೂ ಭೀಮಾಬಾಯಿಯ ಹೆಸರು ಹೇಳಿದನೇ ಎಂದು ಕೇಳಿದ್ದಕ್ಕೆ ಗೋದಾಬಾಯಿ, "ಎಲ್ಲಿ?" ಎಂದಷ್ಟೇ ಹೇಳಿ ಹರಿದ ನಾರಿಗೆ ಗಂಟು ಹಾಕಿದರು.

ಬೀದಿಯ ಕೊಳಾಯಿಯಲ್ಲಿ ನೀರು ಬಂದ ಸದ್ದು ಕೇಳಿತು. ಗುಣವತಿ ಮಡಿಲು ಕೊಡವಿ ಎದ್ದಳು. ಟ್ರಾಮು ನಿಂತು ಎಷ್ಟೋ ವರ್ಷದ ಮೇಲೆ ಮದುವೆಯಾಗಿ ಮದರಾಸಿಗೆ ಬಂದವಳು ಅವಳು.

"ಏಳಿ ಏಳಿ, ಕೊನೇ ಟ್ರಾಮು" ಎಂದಳು.

ಉಳಿದವರೂ ಎದ್ದು ತಮ್ಮ ತಮ್ಮ ಹೂವಿನ ದಂಡೆ ತೆಗೆದುಕೊಂಡು, ಮೆಟ್ಟಿಲಿಳಿದು ಮನೆಗಳಿಗೆ ಹೋದರು.